ಎಲ್ಲರ ಎರಡನೆಯ ನಂಬರು

ಹೋದ ವಾರ ಬಲಗಡೆಯ ದವಡೆಹಲ್ಲು ನೋಯೋಕೆ ಶುರುವಾಯಿತು. ಸುಮ್ಮನೆ ನೋವಲ್ಲ, ಕಿವಿಯೊಳಗೆ ಯಾರೋ ಸ್ಕ್ರೂ ತಿರುಗಿಸಿದ ಹಾಗೆ. ಡೆಂಟಿಸ್ಟು ನೋಡೋಕೆ ಇನ್ನೂ ಎರಡು ದಿನ ಇತ್ತು. ಅಲ್ಲಿಯವರೆಗೆ ಏನು ಮಾಡೋದು ಅಂತ ಹೆದ್ದಾರಿಯ ಆಚೆ ಇರುವ ತಮಿಳರ ದಿನಸಿ ಅಂಗಡಿಗೆ ಹೋಗಿ ಒಂದು ಪುಟ್ಟ ಬಾಟಲಿ ಲವಂಗದ ಎಣ್ಣೆ ತಂದೆ. ಮುಚ್ಚಳ ತೆಗೆದು, ಹತ್ತಿಗೆ ಎರಡು ಹನಿ ಬಿಟ್ಟು ಹಲ್ಲಿನ ಮೇಲಿಟ್ಟುಕೊಂಡು ಅಡುಗೆಮನೆಯ ಸ್ಟೂಲಿನ ಮೇಲೆ ಕೂತೆ. ನೋವು ಕಡಿಮೆಯಾಗುವ ಮೊದಲೇ ಕಣ್ಣಲ್ಲಿ ನೀರು ಬಂತು. "ಅಮ್ಮಾ, ಈಸ್ ಇಟ್ ದಟ್ ಬ್ಯಾಡ್?" ಅಂದಳು ಮಗಳು. ಹಲ್ಲಿಗಲ್ಲ ಕಣೇ ಅಂತ ಹೇಳೋಣವೆಂದರೆ ಬಾಯಿ ತೆರೆಯುವ ಹಾಗಿರಲಿಲ್ಲ... ಆ ವಾಸನೆ ನಮ್ಮ ಎದುರುಮನೆಯ ಡಾಕ್ಟ್ರದು.

ಮಲಯ್ ನಾಡಿನ ಪೆಟಾಲಿಂಗ್ ಜಯಾದ ಈ ಸಾಲುಮನೆಗಳ ಬಡಾವಣೆಗೆ ನಾವು ಬಾಡಿಗೆಗೆ ಬಂದಾಗ ಮಗಳು ಇನ್ನೂ ತೊಟ್ಟಿಲಲ್ಲಿದ್ದಳು. ಗಂಡ ಬೆಳಿಗ್ಗೆ ಎಲ್‌ಆರ್‌ಟಿ ರೈಲು ಹತ್ತಿ ಹೋದರೆ ಸಂಜೆಯವರೆಗೆ ನಾನೂ ಮಗುವೂ ನಾಲ್ಕು ಗೋಡೆಯೂ. ಬಸವನಗುಡಿಯಲ್ಲಿ ದಿನವಿಡೀ ವಟಗುಟ್ಟಿಕೊಂಡು ಬೆಳೆದವಳು ನಾನು. ಬಾಯಿಗೆ ಕೆಲಸವಿಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಒಂದು ದಿನ ಮಗು ಒಂದೇ ಸಮ ಕಿರುಚುತ್ತಿತ್ತು. ಎತ್ತಿಕೊಂಡು ಗೇಟಿನ ಹತ್ತಿರ ನಿಂತು "ಸುಮ್ನಿರು ನನ್ನಮ್ಮಾ, ನಿನ್ ಕಾಲಿಗೆ ಬೀಳ್ತೀನಿ" ಅಂತ ಬೇಡಿಕೊಳ್ಳುತ್ತಿದ್ದೆ. ಎದುರು ಗೇಟಿನಿಂದ ದನಿ ಬಂತು: "ಹಲ್ಲು ಬರಾಕತ್ತಾವ ತಂಗೀ, ಅದಕ್ಕ ಅಳಾಕತ್ತೈತಿ ಕೂಸು."

ಕನ್ನಡ! ಅದೂ ಹುಬ್ಬಳ್ಳಿಯ ಖಡಕ್ ಕನ್ನಡ! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಹಾಗೆಯೇ ಅವರು ರಸ್ತೆ ದಾಟಿ ಬಂದು, ನಲ್ಲಿಯಲ್ಲಿ ಕೈ ತೊಳೆದುಕೊಂಡು, ಮಗುವಿನ ಒಸಡಿನ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಮಗು ಅಳು ನಿಲ್ಲಿಸಿ ಅವರ ಬೆರಳು ಚೀಪತೊಡಗಿತು. ತೆಳ್ಳಗೆ ಉದ್ದನೆಯ ಮನುಷ್ಯ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ. ಮೈಯಿಂದ, ಅಂಗಿಯಿಂದ, ಕೊನೆಗೆ ಅವರ ಮನೆಯ ಕುರ್ಚಿಯ ದಿಂಬಿನಿಂದಲೂ ಲವಂಗದ ಎಣ್ಣೆಯ ವಾಸನೆ.

ಅವರು ಹಲ್ಲಿನ ಡಾಕ್ಟ್ರು. ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಕೆಲವು ವರ್ಷ ಪಾಠ ಹೇಳಿ, ಆಮೇಲೆ ಇಲ್ಲಿ ಸ್ವಂತ ಕ್ಲಿನಿಕ್ಕು ನಡೆಸಿ, ನಾವು ಬರುವ ಹೊತ್ತಿಗೆ ಅದನ್ನೂ ಮುಚ್ಚಿ ಮನೆಯಲ್ಲಿದ್ದರು. ಬಡಾವಣೆಯಲ್ಲಿ ಅವರ ಮುಂದೆ ಬಾಯಿ ತೆರೆಯದವರಿಲ್ಲ. ಚೀನೀ ಅಜ್ಜಿಯರ ಹಲ್ಲಿನ ಸೆಟ್ಟು, ಮಲಯ್ ಮಕ್ಕಳ ಹುಳುಕು, ತಮಿಳರ ಬುದ್ಧಿಹಲ್ಲು, ಎಲ್ಲ ಅವರ ಕೈಯಲ್ಲಿ ಹಾದುಹೋದದ್ದೇ. ಸಂಜೆ ವಾಕಿಂಗು ಹೋದರೆ ಪ್ರತಿ ಗೇಟಿನಿಂದಲೂ "ಡಾಕ್ಟರ್, ಸುಡಾ ಮಕಾನ್?" ಅಂತ ಕೂಗು. ಊಟ ಆಯ್ತಾ ಅಂತ ಅರ್ಥ. ಇವರು ಎಲ್ಲರಿಗೂ ನಿಂತು ಉತ್ತರ ಕೊಡುತ್ತಿದ್ದರು. ಹೀಗೆ ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಮಸೀದಿಯಲ್ಲಿ ಮಗ್ರಿಬ್ ಬಾಂಗು ಆಗಿಬಿಡುತ್ತಿತ್ತು.

ಅವರ ಹೆಂಡತಿಯನ್ನು ನಾನು ಆಪಾ ಅಂತ ಕರೆಯುತ್ತಿದ್ದೆ. ಅಕ್ಕ ಅಂತ. ನಾವು ಬಂದ ಎರಡನೇ ವರ್ಷ ಅವರಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಬಾಯಿ ಮಾತ್ರ ಗಟ್ಟಿ ಉಳಿಯಿತು, ಸದ್ಯ. ಅದಕ್ಕೂ ಮುಂಚೆ ಆಪಾ ದಿನಾ ಬೆಳಿಗ್ಗೆ ಹೆದ್ದಾರಿಯ ಮೇಲಿನ ಪಾದಚಾರಿ ಸೇತುವೆ ಹತ್ತಿಳಿದು ಆಚೆ ಬದಿಯ ಮಾರ್ಕೆಟ್ಟಿಗೆ ಹೋಗಿಬರುತ್ತಿದ್ದರು. ಅಲ್ಲೊಬ್ಬ ತಮಿಳು ತರಕಾರಿಯಮ್ಮ ಇದ್ದಳು. ಇಬ್ಬರಿಗೂ ಜೀವದ ಗೆಳೆತನ. ಒಬ್ಬರು ತಮಿಳು, ಇನ್ನೊಬ್ಬರು ಕನ್ನಡ, ಅರ್ಧರ್ಧ ಗಂಟೆ ಹರಟೆ, ಜೊತೆಗೆ ಮೆಂತ್ಯೆ ಸೊಪ್ಪನ್ನು ಒಂದೊಂದೇ ಕಟ್ಟು ಬಿಚ್ಚಿ ನೋಡುವ ಸಡಗರ. ಲಕ್ವ ಹೊಡೆದ ಮೇಲೆ ಅದೆಲ್ಲ ನಿಂತಿತು. ಆ ಸೇತುವೆಗೆ ಇದ್ದದ್ದು ಬರೀ ಕಡಿದಾದ ಮೆಟ್ಟಿಲು. ಗಾಲಿಕುರ್ಚಿ ಹತ್ತುವ ಮಾತೇ ಇಲ್ಲ.

ಆಪಾನ ಕುರ್ಚಿಯನ್ನು ಡಾಕ್ಟ್ರು ಮುಂದಿನ ಕಿಟಕಿಯ ಹತ್ತಿರ ಇಟ್ಟಿದ್ದರು. ಅಲ್ಲಿಂದ ಸೇತುವೆ ಕಾಣುತ್ತಿತ್ತು, ಅದರಾಚೆ ಮಾರ್ಕೆಟ್ಟಿನ ನೀಲಿ ತಗಡಿನ ಮಾಡು ಕೂಡ. ಡಾಕ್ಟ್ರೇ ಹೋಗಿ ಸೊಪ್ಪು ತರುತ್ತಿದ್ದರು. ಆಪಾ ಒಂದೇ ಕೈಯಲ್ಲಿ ಕಟ್ಟು ಬಿಚ್ಚಿ ನೋಡಿ, "ಕಡ್ಡಿ ತಂದೀರಲ್ರೀ, ಇದು ಮಂದಿ ತಿನ್ನೂದೋ ಎಮ್ಮಿ ತಿನ್ನೂದೋ?" ಅಂತ ಬೈಯುತ್ತಿದ್ದರು. ಹಲ್ಲಿನ ಸಂದಿಯ ಕಸ ಕಾಣುವ ಕಣ್ಣಿಗೆ ಹಳದಿ ಎಲೆ ಕಾಣಲ್ಲವಾ ಅಂತ ನಾನೂ ಕಾಲೆಳೆಯುತ್ತಿದ್ದೆ. ಒಂದು ಸಲ, ಆ್ಯಪಿನಲ್ಲಿ ಕಾರು ಕರೆದು ನಾವೇ ಕರಕೊಂಡು ಹೋಗೋಣ ಆಪಾ ಅಂದೆ. ಹೆದ್ದಾರಿ ಸುತ್ತಿ ಯೂ-ಟರ್ನು ಹೊಡೆದು ಹೋಗಬೇಕು, ಗಾಲಿಕುರ್ಚಿ ಕಂಡರೆ ಡ್ರೈವರುಗಳ ಮುಖ ಗಂಟಾಗುತ್ತೆ, ಆದರೂ ಹೋಗಬಹುದಿತ್ತು. ಆಪಾ ಒಪ್ಪಲಿಲ್ಲ. "ಕಣ್ಣ ಮುಂದ ಕಾಣೂ ಸಂತಿಗೆ ಗಾಡಿ ಮಾಡ್ಕೊಂಡು ಹೋಗ್ಲೇನು? ಹೋದ್ರ ನನ್ನ ಹಾದಿಲೇ ಹೋಗ್ತೀನಿ." ಅಂದು ಕಿಟಕಿಯ ಕಡೆ ತಿರುಗಿಬಿಟ್ಟರು.

ಅವತ್ತಿನಿಂದ ಡಾಕ್ಟ್ರಿಗೆ ಸೇತುವೆಯದೇ ಧ್ಯಾನ. ಮೆಟ್ಟಿಲಿನ ಪಕ್ಕ ಒಂದು ಇಳಿಜಾರು ಕಟ್ಟಿಸಬೇಕು, ಕುರ್ಚಿ ತಳ್ಳಿಕೊಂಡು ಆಪಾನನ್ನು ಮಾರ್ಕೆಟ್ಟಿಗೆ ಕರಕೊಂಡು ಹೋಗಬೇಕು. ಇಷ್ಟೇ ಆಸೆ. ಆದರೆ ಯಾರನ್ನು ಕೇಳೋದು? ಈ ದೇಶದಲ್ಲಿ ನಗರಸಭೆಗೆ ಚುನಾವಣೆ ಇಲ್ಲ. ಅರ್ಧ ಶತಮಾನಕ್ಕೂ ಹಿಂದೆ ನಿಂತದ್ದು ಮತ್ತೆ ಶುರುವಾಗಿಲ್ಲ. ಸದಸ್ಯರನ್ನು ಮೇಲಿನವರೇ ನೇಮಿಸುತ್ತಾರೆ. ನಮ್ಮಂಥವರ ಮಾತು ಅಲ್ಲಿಗೆ ತಲುಪಬೇಕಾದರೆ ಬಡಾವಣೆಯ ಸಮಿತಿಯ ಮೂಲಕ ಹೋಗಬೇಕು. ಆ ಸಮಿತಿಯ ಐವರನ್ನು ನಗರಸಭೆಯ ಅಧಿಕಾರಿಗಳು ಆಗಾಗ ಕರೆದು ಕೂರಿಸಿ ಮಾತು ಕೇಳುತ್ತಿದ್ದರು. ಐವರಿಗೆ ಮಾತ್ರ ಅಲ್ಲಿ ಕುರ್ಚಿ. ಮಿಕ್ಕವರು ಏನಿದ್ದರೂ ಮನೆಯಲ್ಲಿ ಕೂತು ಗೊಣಗಬಹುದು.

ಸಮಿತಿಗೆ ವರ್ಷ ವರ್ಷವೂ ಕೈ ಎತ್ತಿಸಿ ಆರಿಸುತ್ತಿದ್ದರು. ಮುಂದಿನ ಬೀದಿಗಳ ಚೀನೀ ಮನೆಗಳೇ ಹೆಚ್ಚು, ಹಾಗಾಗಿ ಅವರೇ ಐವರು, ಪ್ರತಿ ಸಲವೂ. ಹಿಂದಿನ ಬೀದಿಯ ಮಲಯ್ ಮನೆಗಳಿಗೂ ತಮಿಳರಿಗೂ ಒಂದು ಕುರ್ಚಿಯೂ ಸಿಗುತ್ತಿರಲಿಲ್ಲ. ಇದು ಸರಿಯಲ್ಲ ಅಂತ ಮೊದಲು ಎದ್ದು ನಿಂತು ಹೇಳಿದವರು ಡಾಕ್ಟ್ರು. ಅವರಿಗೆ ಬೇರೆ ದಾರಿ ಗೊತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ಅವರು ಹೆಚ್ಚಿನ ಓದಿಗೆ ಐರ್ಲೆಂಡಿಗೆ ಹೋಗಿದ್ದರಂತೆ. ಅಲ್ಲಿ ನಗರಸಭೆಯ ಚುನಾವಣೆ ಬಂತು. ಪರದೇಶದಿಂದ ಬಂದ ಓದುವ ಹುಡುಗನಿಗೂ ವೋಟು ಹಾಕುವ ಹಕ್ಕು ಕೊಟ್ಟರು. "ಜೀವಮಾನದಾಗ ನಾ ಹಾಕಿದ ವೋಟು ಅದೊಂದ ತಂಗೀ. ಊರಾಗಿದ್ದಾಗ ಹಾಸ್ಟೆಲ್ಲು, ಪರೀಕ್ಷೆ ಅಂತ ತಪ್ಪಿತು. ಇಲ್ಲೆ ಪೌರತ್ವ ಇಲ್ಲ. ಅಲ್ಲೆ ಮಳಿಯಾಗ ಛತ್ರಿ ಹಿಡಕೊಂಡು ಹೋಗಿ ಹೆಸರುಗಳ ಮುಂದ ಒಂದು, ಎರಡು, ಮೂರು ಅಂತ ಬರದು ಬಂದೆ. ನಾ ಮೂರು ಅಂತ ಬರದಾಕಿ ಗೆದ್ಲು. ನನ್ನ ವೋಟು ಎಲ್ಲೆಲ್ಲೋ ಅಡ್ಡಾಡಿ ಅಕೀನ್ನ ಗೆಲ್ಲಿಸಿತ್ತು!" ಇಷ್ಟು ಹೇಳುವಾಗ ಆ ಬಿಳಿ ಗಡ್ಡದ ಮುಖದಲ್ಲಿ ಎಂಥ ಖುಷಿ ಅಂತೀರಿ.

ಆ ಪದ್ಧತಿಯನ್ನು ಅವರು ಬೀದಿಗೆಲ್ಲ ಕಲಿಸಿದ್ದು ಮೂಲೆಯ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ತೆಹ್ ತಾರಿಕ್ ಚಹಾ ಕುಡಿಯುತ್ತ. ಅಲ್ಲಿ ಇಂಗ್ಲಿಷಿನಲ್ಲೂ ಹರಕು ಮುರುಕು ಮಲಯ್‌ನಲ್ಲೂ ಹೇಳಿದ್ದನ್ನು ಬರುವ ದಾರಿಯಲ್ಲಿ ನನಗೆ ಕನ್ನಡದಲ್ಲಿ ಹೇಳಿದರು. "ನೋಡು, ನಾ ಹೋಟೆಲಿಗೆ ಹೋಗಿ ಮೊದ್ಲ ರೊಟ್ಟಿ ಚನಾಯ್ ಕೇಳ್ತೀನಿ. ಮುಗದೈತಿ ಅಂತಾನ. ಹಂಗಾರ ತೋಸೆ ಕೊಡು ಅಂತೀನಿ. ಅದೂ ಇಲ್ಲಾ? ಮೀ ಗೋರೆಂಗ್ ಕೊಡಪಾ. ಒಟ್ಟ ಉಪವಾಸ ಎದ್ದು ಹೋಗಂಗಿಲ್ಲ. ವೋಟೂ ಹಂಗ. ನಿನ್ನ ಒಂದನೇದಾಂವ ಸೋತ್ರ ಅದು ಎರಡನೇದಾಂವಗ ಹೋಗ್ತೈತಿ. ದಂಡ ಆಗೂದಿಲ್ಲ." ಎಷ್ಟು ವೋಟಾದರೆ ಒಂದು ಕುರ್ಚಿ ಅಂತ ಒಂದು ಗೆರೆ ಇರುತ್ತೆ, ಆ ಗೆರೆ ದಾಟಿ ಉಳಿದದ್ದೂ ಮುಂದಿನ ನಂಬರಿಗೆ ಹರಿಯುತ್ತೆ. ಹೀಗೆ ಮಾಡಿದರೆ ದೊಡ್ಡ ಗುಂಪೇ ಐದೂ ಕುರ್ಚಿ ಹೊಡೆದುಕೊಳ್ಳೋಕೆ ಆಗಲ್ಲ, ಸಣ್ಣವರಿಗೂ ಒಂದೊಂದು ಸಿಗುತ್ತೆ. ನನ್ನ ತಲೆಗೆ ಲೆಕ್ಕ ಹತ್ತಲಿಲ್ಲ, ತೋಸೆ ಹತ್ತಿತು.

ವಾದ, ಜಗಳ, ಮುನಿಸು ಎಲ್ಲ ಆಗಿ ಕೊನೆಗೆ ಬಡಾವಣೆ ಒಪ್ಪಿತು. ಮನೆಗೊಂದು ವೋಟು, ಮನೆ ಯಾರ ಹೆಸರಲ್ಲಿದೆಯೋ ಅವರದು. ನಮ್ಮಂಥ ಬಾಡಿಗೆಯವರಿಗೆ ಇಲ್ಲ. ಐದು ಕುರ್ಚಿಗೆ ಎಂಟು ಜನ ನಿಂತರು: ಚೀನೀ ಮನೆಗಳಿಂದ ಮೂವರು, ಮಲಯ್ ಇಬ್ಬರು, ತಮಿಳರು ಇಬ್ಬರು, ಡಾಕ್ಟ್ರು ಒಬ್ಬರು. "ನಾ ನಿಲ್ಲೂದು ಒಂದಕ್ಕ ತಂಗೀ," ಅಂದಿದ್ದರು. "ಅಧಿಕಾರಿಗಳ ಮುಂದ ಒಂದ ಸಲ ಕುಂದ್ರಬೇಕು. ಬ್ರಿಜ್ಜಿಂದು ಹೇಳ್ಬೇಕು. ಮುಂದಿನ ವರ್ಷ ಬ್ಯಾರೆದವ್ರು ಕುಂದ್ರಲಿ." ಆಪಾ ಕಿಟಕಿಯಿಂದಲೇ, "ಗೆದ್ದು ಬರ್ರಿ ಮೊದ್ಲ. ನನ್ನ ಚಪ್ಪಲ್ ಎಲ್ಲಿಟ್ಟೀರಿ ಅದನ್ನ ಹುಡುಕಿಡ್ರಿ," ಅಂದರು. ಡಾಕ್ಟ್ರು ಅವತ್ತೇ ಆ ಚಪ್ಪಲಿಗಳನ್ನು ಹುಡುಕಿ, ತೊಳೆದು, ಬಿಸಿಲಿಗಿಟ್ಟಿದ್ದನ್ನು ನಾನು ಕಣ್ಣಾರೆ ನೋಡಿದೆ.

ಚುನಾವಣೆ ಒಂದು ಭಾನುವಾರ ಬೆಳಿಗ್ಗೆ, ಸಮುದಾಯ ಭವನದಲ್ಲಿ. ವೋಟಿಲ್ಲದವಳು, ಯಾರ ಕಡೆಯವಳೂ ಅಲ್ಲ ಅಂತ ನನ್ನನ್ನು ಎಣಿಸೋಕೆ ಕೂರಿಸಿದ್ದರು. ಡಾಕ್ಟ್ರು ಕ್ಲಿನಿಕ್ಕಿನ ಹಳೇ ಸ್ಟೀಲು ಟ್ರೇಗಳನ್ನು ತೊಳೆದು ತಂದಿದ್ದರು, ಒಬ್ಬೊಬ್ಬರಿಗೆ ಒಂದೊಂದು. ಎಷ್ಟು ತೊಳೆದರೂ ಅವುಗಳಿಂದ ಲವಂಗದ ವಾಸನೆ ಹೋಗಿರಲಿಲ್ಲ.

ಜನ ಹಬ್ಬಕ್ಕೆ ಬಂದ ಹಾಗೆ ಬಂದರು. ವೋಟು ಹಾಕಿ ಹೊರಬಂದ ಚೀನೀ ಅಜ್ಜಿಯೊಬ್ಬಳು ಡಾಕ್ಟ್ರ ಕೈ ಹಿಡಿದುಕೊಂಡು, "ಡಾಕ್ಟರ್, ಯೂ ನಂಬರ್ ಟೂ!" ಅಂದು ಹೊಸ ಹಲ್ಲಿನ ಸೆಟ್ಟು ಪೂರ್ತಿ ತೋರಿಸಿ ನಕ್ಕಳು. ಡಾಕ್ಟ್ರು ಥ್ಯಾಂಕ್ಯೂ ಅಂದರು. ಹಿಂದೆಯೇ ಮಲಯ್ ಪಾಕ್‌ಚಿಕ್ ಒಬ್ಬರು, ನಮ್ಮ ಕಡೆ ಚಿಕ್ಕಪ್ಪ ಅನ್ನೋ ಹಾಗೆ, "ನಮ್ಮ ಬೀದಿಯವನಿಗೆ ಒಂದು ಹಾಕಲೇಬೇಕು ಡಾಕ್ಟರ್, ಇಲ್ಲದಿದ್ರೆ ಅವನು ಬೇಜಾರಾಗ್ತಾನೆ. ಎರಡು ನಿಮಗೇ," ಅಂದರು. ತಮಿಳು ಮನೆಯವರೂ ಅದನ್ನೇ ಹೇಳಿದರು. ಟೈರ್ ಅಂಗಡಿಯ ಅಂಕಲ್, ಅವರೂ ಒಬ್ಬ ಅಭ್ಯರ್ಥಿಯೇ, ಡಾಕ್ಟ್ರ ಭುಜ ತಟ್ಟಿ, "ನೀವು ಹೇಗೂ ಗೆಲ್ತೀರಿ ಲಾ, ಅದಕ್ಕೇ ನನ್ನ ಒಂದು ನನಗೇ ಇಟ್ಕೊಂಡೆ," ಅಂದರು. ಎಲ್ಲರ ಮುಖದಲ್ಲೂ ಏನೋ ದೊಡ್ಡ ಉಡುಗೊರೆ ಕೊಟ್ಟ ಸಂತೋಷ.

ನನಗೆ ಎಲ್ಲೋ ಚುರುಕ್ ಅಂತು. ಡಾಕ್ಟ್ರನ್ನು ಬಾಗಿಲ ಮರೆಗೆ ಕರೆದು, "ಎಲ್ಲರೂ ಎರಡು ಎರಡು ಅಂತಿದ್ದಾರಲ್ಲ ಡಾಕ್ಟ್ರೇ, ಒಂದು ಯಾರು ಹಾಕ್ತಾರೆ ನಿಮಗೆ? ಇನ್ನೂ ಅರ್ಧ ಜನ ಬರೋರಿದ್ದಾರೆ. ಒಂದು ಹಾಕಿ ಅಂತ ಬಾಯಿ ಬಿಟ್ಟು ಕೇಳಿ," ಅಂದೆ. ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಮುಖ ಬಿಳಿಚಿಕೊಂಡಿತ್ತು. ಆದರೂ ನಕ್ಕರು. "ಹ್ಯಾಂಗ ಕೇಳೂದು ತಂಗೀ? ಪಂಗ್ತಿಯಾಗ ಕುಂತು ಮೊದ್ಲ ನನಗ ಬಡಸ್ರಿ ಅಂದಂಗ ಆಗತೈತಿ."

"ಆಪಾನ್ನ ನೆನೆಸ್ಕೊಂಡಾದ್ರೂ ಕೇಳಿ!"

"ಅಕೀ ಹೆಸರಲೇ ಬೇಡೂದಂತೂ ಆಗೂದಿಲ್ಲ," ಅಂದರು. ಅಷ್ಟರಲ್ಲಿ ಇನ್ನೊಬ್ಬರು ಬಂದು ಅವರ ಕೈ ಕುಲುಕಿದರು. ನಾನು ಒಳಗೆ ಹೋಗಿ ಕೂತೆ.

ಮಧ್ಯಾಹ್ನ ಎಣಿಕೆ. ಚೀಟಿ ಬಿಚ್ಚೋದು, ಒಂದು ಯಾರಿಗೆ ಬಿದ್ದಿದೆ ನೋಡೋದು, ಅವರ ಟ್ರೇಗೆ ಹಾಕೋದು. ಹೆಚ್ಚುಕಡಿಮೆ ಬಿಚ್ಚಿದ ಚೀಟಿಯಲ್ಲೆಲ್ಲ ಡಾಕ್ಟ್ರ ಹೆಸರಿನ ಮುಂದೆ ಎರಡು. ಒಬ್ಬರು ದೊಡ್ಡದಾಗಿ ಬರೆದಿದ್ದರು, ಇನ್ನೊಬ್ಬರು ಸುತ್ತ ಒಂದು ಹೂವು ಬಿಡಿಸಿದ್ದರು. ನಾನು ಮನಸ್ಸಿನಲ್ಲೇ ಮನೆದೇವರನ್ನು ಹಿಡಿದುಕೊಂಡಿದ್ದೆ, ಒಂದಾದರೂ ಬರಲಿ, ಒಂದಾದರೂ... ಚೀಟಿ ಮುಗಿದವು. ಏಳು ಟ್ರೇಗಳಲ್ಲಿ ಗುಡ್ಡೆ. ಎಂಟನೆಯದು ಖಾಲಿ, ತಳ ಫಳಫಳ ಹೊಳೆಯುತ್ತಿತ್ತು.

ವೋಟು ಏಳು ಜನಕ್ಕೆ ಹಂಚಿಹೋಗಿ ಮೊದಲ ಸುತ್ತಿನಲ್ಲಿ ಯಾರೂ ಗೆರೆ ಮುಟ್ಟಲಿಲ್ಲ. ಮುಟ್ಟಿ ದಾಟಿದ್ದರೆ ಉಳಿದದ್ದೆಲ್ಲ ಹರಿದು ಡಾಕ್ಟ್ರ ಟ್ರೇಗೇ ಬೀಳುತ್ತಿತ್ತು, ಬಹುಶಃ ಅವರೇ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದರು. ಯಾರೂ ದಾಟದಿದ್ದರೆ ಎಲ್ಲರಿಗಿಂತ ಕಡಿಮೆ ಇರುವವರು ಮೊದಲು ಹೊರಗೆ. ಅದು ನಿಯಮ. ಹೊರಗೆ ಹೋದವರಿಗೆ ಆಮೇಲೆ ಎಷ್ಟು ಎರಡು ಬಂದರೂ ಉಪಯೋಗವಿಲ್ಲ. ಆ ನಿಯಮ ಕಲಿಸಿದವರು ಡಾಕ್ಟ್ರೇ.

ಮೊದಲು ಬಾಯಿ ತೆರೆದದ್ದು ಟೈರ್ ಅಂಗಡಿಯ ಅಂಕಲ್. "ಹೌ ಕ್ಯಾನ್ ಲಾ? ಎಲ್ಲರಿಗೂ ಡಾಕ್ಟರ್ ಬೇಕು. ಪ್ರತಿ ಚೀಟಿಯಲ್ಲೂ ಇದ್ದಾರೆ. ಸುಮ್ಮನೆ ಅವರನ್ನ ಸೇರಿಸಿ, ಯಾರು ಬೇಡ ಅಂತಾರೆ?" ಯಾರೂ ಬೇಡ ಅನ್ನಲಿಲ್ಲ. ಹೌದು ಹೌದು ಅಂತ ಎಲ್ಲ ಕಡೆಯಿಂದ ಎದ್ದಿತು. ನಾನಂತೂ ಕೈಯಲ್ಲಿದ್ದ ಪೆನ್ನು ಬಿಸಾಕಿ ಎದ್ದೇ ನಿಂತಿದ್ದೆ. ಡಾಕ್ಟ್ರು ಮುಂದೆ ಬಂದರು. "ನೋ ನೋ," ಅಂದರು ಮೆತ್ತಗೆ. "ಇವತ್ತು ನನಗೋಸ್ಕರ ಮುರಿದರೆ ನಾಳೆ ಇನ್ಯಾರಿಗೋ ಮುರೀತೀರಿ. ಮತ್ತೆ ಅದೇ ಐದು ಜನ ಕೂರ್ತಾರೆ." ಅಷ್ಟು ಹೇಳಿ ತಮ್ಮ ಟ್ರೇಯನ್ನು ತಾವೇ ಎತ್ತಿಕೊಂಡು, ಏನೂ ಇಲ್ಲದ ಅದನ್ನು ಕರವಸ್ತ್ರದಿಂದ ಒರೆಸಿ ಚೀಲಕ್ಕೆ ಹಾಕಿಕೊಂಡರು. ಎಣಿಕೆ ಮುಂದುವರಿಯಿತು. ಎಲ್ಲ ಬೀದಿಗೂ ಕುರ್ಚಿ ಸಿಕ್ಕಿತು, ಅವರು ಹೇಳಿದ್ದ ಹಾಗೆಯೇ.

ಅವರ ಜೊತೆ ನಾನೂ ಮನೆಗೆ ಬಂದೆ. ಒಬ್ಬರನ್ನೇ ಕಳಿಸೋಕೆ ಮನಸ್ಸು ಬರಲಿಲ್ಲ. ದಾರಿಯಲ್ಲಿ, "ತೋಸೆ ಎಲ್ಲಾರಿಗೂ ಬೇಕಿತ್ತು ತಂಗೀ, ಮೊದ್ಲ ಯಾರೂ ಕೇಳ್ಲಿಲ್ಲ. ಅಂವ ಹಂಚು ಆರಿಸಿಬಿಟ್ಟ," ಅಂತ ನಗಿಸೋಕೆ ನೋಡಿದರು. ನನಗೆ ನಗು ಬರಲಿಲ್ಲ. ಆಪಾ ಕಿಟಕಿಯಲ್ಲಿ ಕಾಯುತ್ತಿದ್ದರು. ಡಾಕ್ಟ್ರು ಕುರ್ಚಿಯ ಪಕ್ಕ ಕೂತು, ಏನೂ ಮುಚ್ಚಿಡದೆ ನಡೆದದ್ದನ್ನೆಲ್ಲ ಹೇಳಿದರು. ಆಪಾ ಪೂರ್ತಿ ಕೇಳಿಸಿಕೊಂಡು, "ನೀವು ಯಾರಿಗೆ ಹಾಕಿದ್ರಿ, ಒಂದು?" ಅಂದರು.

"ಟೈರಿನಂಗಡಿಯವ್ರಿಗೆ. ಛಲೋ ಮನಿಷಾ ಅಂವ. ನನಗ ನಾನ ಹ್ಯಾಂಗ ಹಾಕ್ಕೊಳ್ಲಿ?"

ಆಪಾ ಬಲಗೈಯಿಂದ ಎಡಗೈಯನ್ನು ಎತ್ತಿ ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡರು. ಆಮೇಲೆ ಹೇಳಿದರು, "ಚೀಟಿ ನನ್ನ ಕೈಯಾಗ ಕೊಡಬೇಕಿತ್ತಿಲ್ಲೋ. ನಾ ಹಾಕ್ತಿದ್ದೆ ನಿಮಗ, ಒಂದು."

ಡಾಕ್ಟ್ರು ತಲೆ ತಗ್ಗಿಸಿದರು. ಆ ಒಂದು ವೋಟಿನಿಂದ ಅವರು ಗೆಲ್ಲುತ್ತಿರಲಿಲ್ಲ, ನನಗೂ ಗೊತ್ತು, ಅವರಿಗೂ ಗೊತ್ತು. ಬಾಗಿಲ ಹತ್ತಿರ ಆಪಾನ ತೊಳೆದ ಚಪ್ಪಲಿಗಳು ಜೋಡಿಸಿಟ್ಟಿದ್ದವು. ನಾನು ಅವುಗಳನ್ನು ದಾಟಿಕೊಂಡು ಹೊರಗೆ ಬಂದೆ.

ಗೆದ್ದ ಐವರೂ ಒಳ್ಳೆಯವರೇ, ಸುಳ್ಳು ಹೇಳಬಾರದು. ಸೇತುವೆಯ ವಿಷಯ ಮರೆಯಲ್ಲ ಡಾಕ್ಟರ್ ಅಂತ ಮನೆಗೇ ಬಂದು ಮಾತು ಕೊಟ್ಟು ಹೋದರು. ಮರೆಯಲೂ ಇಲ್ಲ. ಸಭೆಗೆ ಡಾಕ್ಟ್ರು ತಪ್ಪದೆ ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಹಿಂದಿನ ಬೀದಿಯವರಿಗೆ ಮೊದಲು ಚರಂಡಿ ಆಗಬೇಕಿತ್ತು, ಮುಂದಿನವರಿಗೆ ಪಾರ್ಕಿಂಗು, ಇನ್ನೊಬ್ಬರಿಗೆ ಬೀದಿನಾಯಿ, ಮತ್ತೊಬ್ಬರಿಗೆ ಮಕ್ಕಳ ಉಯ್ಯಾಲೆ. ಎಲ್ಲರೂ, "ಅದು ಆದ ಕೂಡಲೇ ಸೇತುವೆ," ಅನ್ನುತ್ತಿದ್ದರು. ಅಲ್ಲೂ ಎಲ್ಲರದೂ ಎರಡನೇ ನಂಬರೇ ಅದು. ಡಾಕ್ಟ್ರು ಮನೆಗೆ ಬಂದು ಆಪಾನಿಗೆ, "ಮುಂದಿನ ಮೀಟಿಂಗಿನಾಗ ಬರ್ತೈತಿ," ಅನ್ನುತ್ತಿದ್ದರು. ಆಪಾ ಹೂಂ ಅನ್ನುತ್ತಿದ್ದರು.

ಆ ಮಳೆಗಾಲ ಮುಗಿಯುವಷ್ಟರಲ್ಲಿ ಆಪಾ ಹೋಗಿಬಿಟ್ಟರು. ನಿದ್ದೆಯಲ್ಲೇ. ಬಡಾವಣೆಗೆ ಬಡಾವಣೆಯೇ ಬಂದಿತ್ತು. ತರಕಾರಿಯಮ್ಮ ಅಂಗಡಿ ಮುಚ್ಚಿ, ಆ ಮೆಟ್ಟಿಲು ಹತ್ತಿಳಿದು, ಕೈಯಲ್ಲಿ ಒಂದು ಕಟ್ಟು ಮೆಂತ್ಯೆ ಹಿಡಿದುಕೊಂಡು ಬಂದಿದ್ದಳು. ಸಾವಿನ ಮನೆಗೆ ಏನು ತರಬೇಕು ಅಂತ ಹೊಳೆಯಲಿಲ್ಲವಂತೆ ಪಾಪ. ಡಾಕ್ಟ್ರು ಅದನ್ನು ಎರಡೂ ಕೈಯಲ್ಲಿ ಈಸಿಕೊಂಡರು, ಒಂದೊಂದೇ ಎಲೆ ನೋಡಿದರು, "ಛಲೋ ಐತಿ," ಅಂದರು. ಅವತ್ತು ನಾನು ಅತ್ತಷ್ಟು ನನ್ನ ತವರಿನ ಸಾವಿಗೂ ಅತ್ತಿಲ್ಲ.

ಮೆಲಾಕಾದಲ್ಲಿ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರ ಮಗಳು ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಹೋಗುವಾಗ ಡಾಕ್ಟ್ರು ನಮ್ಮ ಗೇಟಿನಲ್ಲಿ ನಿಂತು, ಆಗ ಶಾಲೆಗೆ ಹೋಗುತ್ತಿದ್ದ ನನ್ನ ಮಗಳ ಬಾಯಿ ತೆರೆಸಿ, ಹಲ್ಲು ನೋಡಿ, ಚಾಕ್ಲೇಟು ಕಡಿಮೆ ಮಾಡು ಅಂತ ಬೈದು ಹೋದರು. ಆಮೇಲೆ ಪ್ರತಿ ಈದ್‌ಗೆ ಫೋನು. ನಾನು ಹಬ್ಬದ ಶುಭಾಶಯ ಹೇಳಿ ಮುಗಿಸುವ ಮೊದಲೇ ಕೇಳುತ್ತಿದ್ದರು, "ಬ್ರಿಜ್ಜು ಏನಾತು ತಂಗೀ?" ಒಂದು ವರ್ಷ ತಡೆಯಲಾರದೆ, "ಇನ್ನು ಯಾಕೆ ಡಾಕ್ಟ್ರೇ ಆ ಬ್ರಿಜ್ಜು?" ಅಂದುಬಿಟ್ಟೆ. "ಬ್ಯಾರೆ ಯಾರರ ಮನ್ಯಾಗೂ ಕುಂತಿರ್ತಾರಲ್ಲ ತಂಗೀ, ಕಿಟಕಿ ಕಡೆ ಮಾರಿ ಮಾಡ್ಕೊಂಡು..." ಅಂದರು.

ಹೋದ ವರ್ಷ ಈದ್‌ಗೆ ಫೋನು ಬರಲಿಲ್ಲ. ಒಂದೆರಡು ವಾರದ ಮೇಲೆ ಅವರ ಮಗಳ ಮೆಸೇಜು ಬಂತು. ಬಡಾವಣೆಯ ವಾಟ್ಸ್ಯಾಪ್ ಗ್ರೂಪಿಗೆ ನಾನೇ ಹಾಕಿದೆ. ದಿನವಿಡೀ ಕೈ ಮುಗಿದ ಚಿತ್ರ, ಅಳುವ ಮುಖ, ಯಾವಾಗಲೋ ಕೀಳಿಸಿಕೊಂಡ ಹಲ್ಲಿನ ಕಥೆ. ಮುಂದಿನ ಸಭೆಯಲ್ಲಿ ಟೈರ್ ಅಂಗಡಿಯ ಅಂಕಲ್ ಎದ್ದು ನಿಂತು, "ಫಸ್ಟ್ ಐಟಂ, ಬ್ರಿಡ್ಜ್," ಅಂದರಂತೆ. ಯಾರೂ ಎರಡು ಮಾತಾಡಲಿಲ್ಲವಂತೆ. ಒಟ್ಟಿಗೆ ನಗರಸಭೆಗೆ ಹೋದರು, ಬೆನ್ನು ಬಿಡದೆ ಕಾಡಿದರು. ಈ ವರ್ಷ ಸೇತುವೆಗೆ ಎರಡೂ ಕಡೆ ಇಳಿಜಾರು ಬಂತು. ಎಲ್ಲರೂ ಅದನ್ನು ಡಾಕ್ಟರ್ ರ‍್ಯಾಂಪ್ ಅಂತ ಕರೆಯುತ್ತಾರೆ, ಹೆಮ್ಮೆಯಿಂದ.

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. ಈ ಒಂದನ್ನು ಅವರು ಬದುಕಿದ್ದಾಗಲೇ ಹಾಕಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಅಂತ ಎಲ್ಲರನ್ನೂ ನಿಲ್ಲಿಸಿ ಕೇಳಬೇಕು ಅನ್ನಿಸಿತು. ಯಾರನ್ನು ಕೇಳಲಿ? ಅವರಿಗೆ ಡಾಕ್ಟ್ರ ಮೇಲೆ ಪ್ರೀತಿ ಇರಲಿಲ್ಲವೇ? ಇತ್ತು, ಎಲ್ಲರಿಗೂ ಇತ್ತು. ಗೆದ್ದೇ ಗೆಲ್ಲುತ್ತಾರೆ, ಇದ್ದೇ ಇರುತ್ತಾರೆ ಅಂದುಕೊಂಡಿದ್ದರು ಅಷ್ಟೇ. ಈಗ ಈ ಮನೆ ನಮ್ಮ ಹೆಸರಲ್ಲಿದೆ, ನನಗೂ ವೋಟಿದೆ. ಚೀಟಿ ಬಂದಾಗಲೆಲ್ಲ ಅದರಲ್ಲಿ ಡಾಕ್ಟ್ರ ಹೆಸರು ಹುಡುಕುತ್ತೇನೆ, ಇರುವುದಿಲ್ಲ ಅಂತ ಗೊತ್ತಿದ್ದೂ.

ಹೋದ ವಾರ ಎಣ್ಣೆ ತರಲು ಹೋದಾಗ ಆ ಇಳಿಜಾರಿನಲ್ಲೇ ಹತ್ತಿದೆ. ಎಷ್ಟು ಸಲೀಸು ಅಂತೀರಿ, ಕಾಲಿಗೆ ಗೊತ್ತೇ ಆಗುವುದಿಲ್ಲ. ಚೀನೀ ಹುಡುಗಿಯೊಬ್ಬಳು ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಎದುರಿಗೆ ಬಂದಳು. ಅಜ್ಜಿಯ ಮಡಿಲಲ್ಲಿ ತರಕಾರಿಯ ಚೀಲ, ಬಾಯಲ್ಲಿ ಬೈಗುಳವೋ ಹರಟೆಯೋ, ಒಟ್ಟು ಮಾತು ನಿಂತಿರಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ತರಕಾರಿಯಮ್ಮನಿಗೆ ಈಗ ಕಣ್ಣು ಮಂಜು. ಆದರೂ ನನ್ನ ದನಿ ಹಿಡಿದು ಒಂದು ಕಟ್ಟು ಮೆಂತ್ಯೆ ಕೈಗಿಟ್ಟಳು. ಹಲ್ಲುನೋವಿನಲ್ಲಿ ನೋಡದೆ ತಂದುಬಿಟ್ಟೆ.

ನಮ್ಮ ಗೇಟಿನ ಮುಂದೆ ನಿಂತು ಕಟ್ಟು ಬಿಚ್ಚಿದೆ. ಅರ್ಧಕ್ಕರ್ಧ ಬಲಿತ ಕಡ್ಡಿ, ನಡುವೆ ಹಳದಿ ಎಲೆ. ಗೊತ್ತಿಲ್ಲದೆಯೇ ಕತ್ತು ಎದುರುಮನೆಯ ಕಿಟಕಿಯ ಕಡೆ ತಿರುಗಿತು. ಬೇರೆಯವರಿದ್ದಾರೆ ಅಲ್ಲೀಗ, ಪರದೆ ಎಳೆದಿತ್ತು. ಕೈಯಲ್ಲಿ ಸೊಪ್ಪು ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆ... ಯಾರೂ ಬೈಯಲಿಲ್ಲ. ಒಳಗೆ ಬಂದು ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದೆ.